ಮೂರನೇ ಕಿಂಡಿಯ ಹರಳು

ಹಿರಿಯೂರಿನಲ್ಲಿ ಬಸ್ಸು ಬದಲಿಸಿ ಹೊಸದುರ್ಗಕ್ಕೆ ಬಂದಿಳಿದಾಗ, ಮೇಲಿನಿಂದ ಟ್ರಂಕನ್ನು ಎಸೆಯಬೇಡಿ ಎಂದು ಕಂಡಕ್ಟರನ್ನು ಗೋಗರೆಯಬೇಕಾಯಿತು. ಅದರಲ್ಲಿ ಪಿಂಗಾಣಿ ಕೊಳವೆಗಳಿದ್ದವು. ಅವುಗಳಿಗಿಂತ ಬೆಲೆಬಾಳುವ ವಸ್ತು ನನ್ನ ಕೊರಳಿನ ದಾರದಲ್ಲಿ, ಸೆರಗಿನ ಮರೆಯಲ್ಲಿ, ಹೋಮಿಯೋಪತಿ ಗುಳಿಗೆಯ ಪುಟ್ಟ ಸೀಸೆಯೊಳಗಿತ್ತು. ಮೂರು ವಜ್ರದ ಹರಳುಗಳು. ಒಂದೊಂದೂ ರಾಗಿಕಾಳಿನಷ್ಟು. ಉಂಗುರಕ್ಕೆ ಕೂರಿಸುವಂಥವಲ್ಲ; ಮಸಿ ಕದಡಿದ ನೀರಿನ ಹಾಗೆ ಮಂಕು ನೀಲಿ.

ಇದು ಎಪ್ಪತ್ತರ ದಶಕದ ನಡುವಿನ ಮಾತು. ನಾನು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ತಾಂತ್ರಿಕ ಸಹಾಯಕಿಯಾಗಿದ್ದೆ. ನಮ್ಮ ಮುಖ್ಯಸ್ಥರಿಗೆ ಒಂದೇ ಹಂಬಲ: ಸಿಲಿಕಾನ್ ಸೋಲುವ ಕಡೆ ವಜ್ರವನ್ನು ನಿಲ್ಲಿಸಬೇಕು. ಟ್ರಾನ್ಸಿಸ್ಟರುಗಳೆಲ್ಲ ಆಗಲೇ ಸಿಲಿಕಾನಿನವಾಗಿದ್ದವು. ಆದರೆ ಬಿಸಿ ಇನ್ನೂರು ಡಿಗ್ರಿಯ ಹತ್ತಿರ ಬಂತೆಂದರೆ ಸಿಲಿಕಾನಿನೊಳಗಿನ ಎಲೆಕ್ಟ್ರಾನುಗಳು ಹಿಡಿತ ಕಳಚಿಕೊಂಡು ಕಂಡಕಂಡ ಕಡೆ ಓಡತೊಡಗುತ್ತವೆ. ನಾವು ಕಳಿಸಿದ ಸಂಕೇತ ಯಾವುದು, ಬಿಸಿಯ ಗದ್ದಲ ಯಾವುದು ಎಂದು ಆಮೇಲೆ ತಿಳಿಯುವುದಿಲ್ಲ. ವಜ್ರದಲ್ಲಿ ಆ ಹಿಡಿತ ಬಹಳ ಬಿಗಿ. ಬೋರಾನಿನ ಅಂಶ ಚೂರು ಬೆರೆತ ನೀಲಿ ವಜ್ರ ವಿದ್ಯುತ್ತನ್ನು ಹದವಾಗಿ ಒಯ್ಯುತ್ತದೆ. ಬಿಸಿ ಏರಿದಂತೆ ಅದರ ತಡೆ ಲೆಕ್ಕಕ್ಕೆ ಸಿಗುವ ಹಾಗೆ ಇಳಿಯುತ್ತದೆ. ಅಂದರೆ ಅದೇ ಒಂದು ಉಷ್ಣಮಾಪಕ. "ಇವತ್ತು ಬಿಸಿ ಅಳೆಯುತ್ತೆ ಅಂತ ತೋರಿಸೋಣ. ಇಂಜಿನ್ನಿನ ಹೊಟ್ಟೆಯಲ್ಲಿ ಕೂತು ಕೆಲಸ ಮಾಡೋ ಟ್ರಾನ್ಸಿಸ್ಟರು ಆಮೇಲಿನ ಮಾತು" ಎನ್ನುತ್ತಿದ್ದರು ಮುಖ್ಯಸ್ಥರು. ಹೊರದೇಶದಿಂದ ಆ ಮೂರು ಹರಳು ತರಿಸಲು ಅವರಿಗೆ ವರ್ಷಗಳೇ ಹಿಡಿದಿದ್ದವು.

ಪ್ರಯೋಗಾಲಯದ ಕುಲುಮೆ ಕರೆಂಟು ಹೋದಾಗಲೆಲ್ಲ ತಣ್ಣಗಾಗುತ್ತಿತ್ತು. ಆಗ ಕರೆಂಟು ದಿನವೂ ಹೋಗುತ್ತಿತ್ತು. ಹಗಲಿರುಳು ಆರದೆ ಉರಿಯುವ, ದೂಳು ಹೊಗೆ ಎಲ್ಲ ಇರುವ ಬೆಂಕಿ ನಮಗೆ ಬೇಕಿತ್ತು. ಹೊಸದುರ್ಗದಿಂದ ಹೊಳಲ್ಕೆರೆ ಕಡೆಗೆ ಹೋಗುವ ರಸ್ತೆಯ ಬದಿಯ ಒಂದು ಸುಣ್ಣದ ಭಟ್ಟಿಯ ಮಾಲೀಕರು, ಯಾರದೋ ಪರಿಚಯದ ಮೇಲೆ, ಒಪ್ಪಿದ್ದರು.

ಹೊರಡುವಾಗ ಮುಖ್ಯಸ್ಥರು ಎರಡು ಮಾತು ಹೇಳಿದ್ದರು. "ಯಾರ ಮುಂದೆಯೂ ವಜ್ರ ಅನ್ನಬೇಡಿ, ಹರಳು ಅಂದರೆ ಸಾಕು. ಮತ್ತೆ, ಎರಡನೇ ಕಿಂಡಿಯಿಂದ ಕೆಳಕ್ಕೆ ಇಳಿಸಬೇಡಿ." ಯಾಕೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಭಟ್ಟಿ ಎಂದರೆ ಮೂರಾಳೆತ್ತರದ ಕಲ್ಲಿನ ಗೋಪುರ. ಮೇಲಿನಿಂದ ಒಂದು ಪದರ ಸುಣ್ಣದ ಕಲ್ಲು, ಒಂದು ಪದರ ಕಲ್ಲಿದ್ದಲು ಸುರಿಯುತ್ತಾರೆ. ಬೆಂದ ಸುಣ್ಣವನ್ನು ಬುಡದ ಬಾಯಿಂದ ಎಳೆಯುತ್ತಾರೆ. ಗೋಡೆಯಲ್ಲಿ ಒಂದರ ಕೆಳಗೊಂದು ಮೂರು ಕಿಂಡಿ. ಮೊದಲನೆಯದರಲ್ಲಿ ಇನ್ನೂರೈವತ್ತು ಡಿಗ್ರಿಯ ಆಸುಪಾಸು, ಎರಡನೆಯದರಲ್ಲಿ ನಾನೂರೈವತ್ತು. ಮೂರನೆಯದು ಬೆಂಕಿಯ ನಡುಹೊಟ್ಟೆ. ಅದರ ಮುಚ್ಚಳದ ಇಟ್ಟಿಗೆ ತೆಗೆದರೆ ಒಳಗೆ ಕಲ್ಲುಗಳು ಕಿತ್ತಳೆ ಬಣ್ಣಕ್ಕೆ ಹೊಳೆಯುವುದು ಕಾಣುತ್ತಿತ್ತು.

ನನ್ನ ಉಪಕರಣ ಹೀಗಿತ್ತು. ಮಾರುದ್ದದ ಪಿಂಗಾಣಿ ಕೊಳವೆ. ಅದರ ತುದಿಯಲ್ಲಿ ಎರಡು ಪ್ಲಾಟಿನಂ ತಂತಿಗಳ ನಡುವೆ ಹರಳು. ಹೊರಗಿನ ತಣ್ಣನೆಯ ತುದಿಯಲ್ಲಿದ್ದ ಸಣ್ಣ ಸ್ಪ್ರಿಂಗು ಉದ್ದನೆಯ ಪಿಂಗಾಣಿ ಕಡ್ಡಿಯೊಂದರ ಮೂಲಕ ಮೇಲಿನ ತಂತಿಯನ್ನು ಹರಳಿನ ಮೇಲೆ ಒತ್ತಿ ಹಿಡಿದಿರುತ್ತಿತ್ತು. ಕೊಳವೆಯೊಳಗೆ ಗಾಳಿಯಿಲ್ಲ, ಆರ್ಗಾನ್ ಅನಿಲ ತುಂಬಿ ಮುಚ್ಚಿದ್ದೆವು. ಪಕ್ಕದಲ್ಲಿ ಹೋಲಿಕೆಗೆಂದು ಒಂದು ಮಾಮೂಲಿ ಉಷ್ಣಮಾಪಕ ತಂತಿ. ತಂತಿಗಳೆಲ್ಲ ತಡೆ ಅಳೆಯುವ, ಬ್ಯಾಟರಿಯ ಬ್ರಿಡ್ಜ್ ಮೀಟರಿಗೆ ಬಂದು ಸೇರುತ್ತಿದ್ದವು. ಬೆಳಗ್ಗೆ ಏಳರಿಂದ ಸಂಜೆ ನಾಲ್ಕೂವರೆಯವರೆಗೆ ಅರ್ಧ ಗಂಟೆಗೊಮ್ಮೆ ಮುಳ್ಳು ನೋಡಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ.

ಭಟ್ಟಿಯನ್ನು ನಿಜವಾಗಿ ನಡೆಸುತ್ತಿದ್ದವರು ಅಲ್ಲಿನ ಮೇಸ್ತ್ರಿ. ಐವತ್ತರ ಆಚೀಚಿನ ಮನುಷ್ಯ, ಕುರಿ ಸಾಕುವ ಮನೆತನದವರು. ಕುರಿಯನ್ನೂ ನಾಕು ಎಕರೆ ಹೊಲವನ್ನೂ ತಮ್ಮನಿಗೆ ಬಿಟ್ಟು ತಾವು ಇಪ್ಪತ್ತು ವರ್ಷದಿಂದ ಈ ಬೆಂಕಿಯ ಹತ್ತಿರವೇ ಇದ್ದರು. ಅವರ ಹಳ್ಳಿ ಅಲ್ಲಿಂದ ಕೂಗಳತೆ. ಮೊದಲ ದಿನ ನಾನು ಕೊಳವೆ ತೂರಿಸುವುದನ್ನು ನೋಡಿ ನಕ್ಕರು.

"ಏನ್ ತಾಯಿ, ಬಾಯಿಗೆ ಕಡ್ಡಿ ಇಟ್ಟು ಜ್ವರ ನೋಡ್ತೀರಾ?"

"ಹಾಗೇ ಅಂದುಕೊಳ್ಳಿ."

"ಇದುಕ್ಕೆ ಯಾವಾಗ್ಲೂ ಜ್ವರನೇ. ಜ್ವರ ಬಿಡ್ತು ಅಂದ್ರೆ ಸತ್ತಂಗೆ. ಕುಂತ್ಕಳ್ರಿ, ನೆಳ್ಳಾಗೆ ಕುಂತ್ಕಳ್ರಿ."

ಆಮೇಲೆ ತಾವೇ ಒಂದು ಕಂಬಳಿ ತಂದು ಬೇವಿನ ಮರದ ಕೆಳಗೆ ಹಾಸಿಕೊಟ್ಟರು. ನನ್ನ ಮೀಟರು ಬದಲಾವಣೆ ತೋರಿಸುವ ಮುಂಚೆಯೇ ಅವರಿಗೆ ಗೊತ್ತಾಗುತ್ತಿತ್ತು. ಬಿಸಿ ಇಳಿಯುವ ಮೊದಲು ಒಳಗಿನ ಕಲ್ಲುಗಳ ಸದ್ದು ಬದಲಾಗುತ್ತದಂತೆ. "ಈಗ ಇಳಿತೈತೆ, ಬರ್ಕಳ್ರಿ" ಎನ್ನುತ್ತಿದ್ದರು. ಹತ್ತು ನಿಮಿಷಕ್ಕೆ ಮುಳ್ಳು ಅಲುಗುತ್ತಿತ್ತು.

ಹೋಲಿಕೆಗೆಂದು ಮೊದಲ ಕಿಂಡಿಯಲ್ಲಿ ಇಟ್ಟ ಸಿಲಿಕಾನಿನ ಚೂರು ಮೊದಲ ದಿನದ ಮಧ್ಯಾಹ್ನವೇ ಕೈಬಿಟ್ಟಿತು. ಬಿಸಿ ಏರಿದರೂ ಇಳಿದರೂ ಮುಳ್ಳು ಒಂದೇ ಕಡೆ ಬಿದ್ದಿರುತ್ತಿತ್ತು. ಎರಡನೇ ಕಿಂಡಿಯಲ್ಲಿದ್ದ ವಜ್ರ ಮಾತ್ರ ದಿನದಿನವೂ ಕರಾರುವಾಕ್ಕಾಗಿ ಬಿಸಿಯನ್ನು ಹಿಂಬಾಲಿಸಿತು. ಮೂರು ವಾರ ಹೀಗೇ ನಡೆಯಿತು. ಪುಸ್ತಕದ ಪುಟಗಳನ್ನು ನೋಡಿದರೆ ನನಗೇ ಹೆಮ್ಮೆ.

ಆ ಹೆಮ್ಮೆಯೇ ಕೆಡಿಸಿತು. ಮುಂದಿನ ವಾರ ಬರುತ್ತೇನೆಂದು ಮುಖ್ಯಸ್ಥರ ಕಾರ್ಡು ಬಂತು. ನಾನೂರೈವತ್ತರಲ್ಲಿ ಇದು ಕೆಲಸ ಮಾಡುತ್ತದೆ ಎನ್ನುವುದು ಅವರು ಆಗಲೇ ನಿರೀಕ್ಷಿಸಿದ್ದ ಸಂಗತಿ. ಎಂಟುನೂರರಲ್ಲಿ ಮಾಡಿತು ಎಂದು ತೋರಿಸಿದರೆ? ಕೊಳವೆ ಮುಚ್ಚಿದೆ, ಒಳಗೆ ಆರ್ಗಾನ್ ಇದೆ, ಒಂದು ಮಧ್ಯಾಹ್ನದ ಮಟ್ಟಿಗೆ ಏನಾಗುತ್ತದೆ ಎಂದುಕೊಂಡೆ. ಆ ದಿನದ ಪುಟದ ತಲೆಗೆ ಬೆಳಗ್ಗೆಯೇ 'ಎರಡನೇ ಕಿಂಡಿ' ಎಂದು ಬರೆದಾಗಿತ್ತು. ಅದನ್ನು ತಿದ್ದಲಿಲ್ಲ. ಗೆದ್ದರೆ ಹೇಳೋಣ, ಸೋತರೆ ಯಾರಿಗೂ ಗೊತ್ತಾಗುವುದು ಬೇಡ ಎಂಬ ಲೆಕ್ಕಾಚಾರ ನನ್ನಲ್ಲಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಕೊಳವೆ ಹಿಡಿದು ಕೆಳಗಿಳಿಸಲು ಮೇಸ್ತ್ರಿಯನ್ನೇ ಕರೆದೆ.

"ಆ ಕಿಂಡಿ ಬ್ಯಾಡ ತಾಯಿ" ಎಂದರು. "ಅಲ್ಲಿ ಕಬ್ಬಿಣನೇ ಬಗ್ಗತೈತೆ."

"ಒಂದೇ ಹೊತ್ತು. ಸಂಜೆ ತೆಗೆದುಬಿಡೋಣ."

ಅವರು ತಲೆ ಅಲ್ಲಾಡಿಸಿದರು, ಆದರೂ ಒದ್ದೆ ಗೋಣಿ ಸುತ್ತಿಕೊಂಡು ಕೊಳವೆಯನ್ನು ಮೆಲ್ಲಗೆ ಒಳಗೆ ಸರಿಸಿಕೊಟ್ಟರು. ಎರಡು ಗಂಟೆಯಿಂದ ತಡೆ ಇಳಿಯುತ್ತಾ ಹೋಯಿತು, ಲೆಕ್ಕ ಹಾಕಿದ ಹಾಗೇ. ಏಳುನೂರು ದಾಟಿದಾಗ ಆ ಅಂಕಿಯ ಕೆಳಗೆ ಎರಡು ಗೆರೆ ಎಳೆದೆ. ನಾಲ್ಕು ಇಪ್ಪತ್ತಕ್ಕೆ ಮುಳ್ಳು ಒಮ್ಮೆಲೇ ಸೊನ್ನೆಗೆ ಹೋಗಿ ಬಡಿಯಿತು. ಅದನ್ನೂ ಬರೆದೆ: 'ನಾಲ್ಕು ಇಪ್ಪತ್ತು, ತಡೆ ಸೊನ್ನೆ.' ಎಲ್ಲೋ ತಂತಿ ಕೆಟ್ಟಿರಬೇಕೆಂದು ಕೊಳವೆ ಎಳೆಸಿದೆವು. ತುದಿಯಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಕೆಂಪಗೆ ಕಾದಿದ್ದನ್ನು ತೆರೆಯುವಂತಿರಲಿಲ್ಲ. ಮರಳಿನ ಗುಂಡಿಯಲ್ಲಿ ಮಲಗಿಸಿದೆವು. ಐದು ಗಂಟೆಯ ಬಸ್ಸು ತಪ್ಪಿದರೆ ಹೊಸದುರ್ಗದ ನನ್ನ ಕೋಣೆ ಸೇರಲು ಬೇರೆ ದಾರಿಯಿರಲಿಲ್ಲ.

"ಮೇಸ್ತ್ರಿಗಳೇ, ಇದನ್ನ ಯಾರೂ ಮುಟ್ಟದ ಹಾಗೆ ನೋಡ್ಕೊಳ್ಳಿ."

"ನಾನ್ ಇರ್ತೀನಲ್ಲ, ಹೋಗ್ಬರ್ರಿ."

ಬೆಳಗ್ಗೆ ಕೊಳವೆ ಬಿಚ್ಚಿದರೆ ತುದಿಯಲ್ಲಿ ಎರಡು ತಂತಿಗಳಿದ್ದವು. ಅವುಗಳ ನಡುವೆ ಏನೂ ಇರಲಿಲ್ಲ.

ಗುಂಡಿಯ ಮರಳನ್ನೆಲ್ಲ ಜರಡಿ ಹಿಡಿದೆವು. ಮೇಸ್ತ್ರಿಯೂ ಮೊಣಕಾಲೂರಿ ಹುಡುಕಿದರು. ಏನು ಹುಡುಕುತ್ತಿದ್ದೇವೆ ಎಂದೂ ಅವರಿಗೆ ಸರಿಯಾಗಿ ಗೊತ್ತಿರಲಿಲ್ಲ. ಹೊಸದುರ್ಗದ ಅಂಚೆ ಕಚೇರಿಗೆ ಹೋಗಿ ಮುಖ್ಯಸ್ಥರಿಗೆ ಟೆಲಿಗ್ರಾಂ ಕಳಿಸಿದೆ: ಹರಳು ಕಾಣೆಯಾಗಿದೆ. ಉತ್ತರ ಮರುದಿನ ಬೆಳಗ್ಗೆ ಭಟ್ಟಿಯ ಕಚೇರಿಗೆ ಬಂತು, ನಾನು ತಲುಪುವ ಮುಂಚೆ. ಅಲ್ಲಿನ ಗುಮಾಸ್ತರು ಒಡೆದು ಓದಿದ್ದರು. ವಜ್ರವನ್ನು ಚೆನ್ನಾಗಿ ಹುಡುಕಿ, ಹೊರಟು ಬರುತ್ತಿದ್ದೇನೆ ಎಂದಿತ್ತು ಅದರಲ್ಲಿ.

ನಾನು ಬಸ್ಸಿಳಿದಾಗ ಮಾಲೀಕರು ಅಂಗಳದಲ್ಲೇ ನಿಂತಿದ್ದರು.

"ಏನ್ ಮೇಡಂನೋರೆ, ವಜ್ರ ತಂದು ನನ್ನ ಭಟ್ಟಿಯೊಳಗೆ ಇಟ್ಟಿದ್ರಾ? ಒಂದು ಮಾತು ಹೇಳಬಾರ್ದಾ?" ನನ್ನ ಉತ್ತರಕ್ಕೆ ಅವರು ಕಾಯಲಿಲ್ಲ. "ಮೊನ್ನೆ ಅದುನ್ನ ಕಾಯ್ತಾ ಇದ್ದೋನು ಯಾರು? ನೀವೇ ಹೇಳ್ರಿ."

"ಮೇಸ್ತ್ರಿಗಳು. ಆದರೆ ಅವರು—"

"ಸಾಕು ಬಿಡ್ರಿ. ಇನ್ನು ನಾವು ನೋಡ್ಕಂತೀವಿ."

ಗುಮಾಸ್ತರೂ ಇಬ್ಬರು ಆಳುಗಳೂ ಆಗಲೇ ಹಳ್ಳಿಗೆ ಹೋಗಿದ್ದರು. ನಾನು ಓಡಿದೆ. ಮೇಸ್ತ್ರಿಯ ಮನೆಯ ಮುಂದೆ ಜನ ಸೇರಿತ್ತು. ಪಾತ್ರೆಗಳು ಹೊರಗೆ ಬಿದ್ದಿದ್ದವು, ಕಂಬಳಿಗಳನ್ನು ಕೊಡವಿ ಎಸೆದಿದ್ದರು. ರಾಗಿಕಾಳಿನಷ್ಟು ಎಂದು ಯಾರಿಗೋ ನಾನೇ ಹೇಳಿದ್ದೆ, ಮರಳು ಜರಡಿ ಹಿಡಿಯುವಾಗ. ಆ ಮಾತು ಗುಮಾಸ್ತರ ಕಿವಿಗೆ ಬಿದ್ದಿತ್ತು. ವರ್ಷದ ಊಟಕ್ಕಿಟ್ಟ ರಾಗಿಯನ್ನು ಚೀಲಚೀಲವಾಗಿ ತಂದು ಅಂಗಳದ ಮಣ್ಣಿಗೆ ಸುರಿದು, ಕಾಲಲ್ಲಿ ಕೆದರಿ ಹುಡುಕುತ್ತಿದ್ದರು.

ಮೇಸ್ತ್ರಿಯ ಹೆಂಡತಿ ಬಾಗಿಲಲ್ಲಿ ನಿಂತಿದ್ದರು. ಅವರು ಅಳುತ್ತಿರಲಿಲ್ಲ. "ಕಾಳ್ನಾಗೆ ಕಾಳು ಹುಡುಕ್ತೀರೇನ್ರಪ್ಪಾ?" ಎಂದು ಕೇಳುತ್ತಿದ್ದರು, ಒಬ್ಬೊಬ್ಬರನ್ನೂ ನೋಡಿ. ಮೇಸ್ತ್ರಿ ಗೋಡೆಗೆ ಒರಗಿ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಅದು ಮರ್ಯಾದೆಗೆ ಎದ್ದದ್ದು. ಆ ಹೊತ್ತಿನಲ್ಲೂ.

ಏನೂ ಸಿಗಲಿಲ್ಲ. ನಾಳೆ ಸಂಜೆಯೊಳಗೆ ಹರಳು ತಂದುಕೊಡದಿದ್ದರೆ ಪೊಲೀಸು ದೂರು ಎಂದು ಗುಮಾಸ್ತರು ಹೇಳಿ ಹೋದರು. ಅಲ್ಲಿಯವರೆಗೆ ಮೇಸ್ತ್ರಿ ಭಟ್ಟಿಯ ಹತ್ತಿರ ಬರಕೂಡದು.

ನಾನು ಬೇವಿನ ಮರದ ಕೆಳಗೆ ಬಂದು ಕೂತೆ. ಬೇರೆ ಏನು ಮಾಡಲೂ ತೋಚದೆ ಪುಸ್ತಕ ತೆರೆದೆ. 'ನಾಲ್ಕು ಇಪ್ಪತ್ತು, ತಡೆ ಸೊನ್ನೆ.' ಅದನ್ನು ಎಷ್ಟು ಸಲ ನೋಡಿದೆನೋ. ತಂತಿ ತುಂಡಾದರೆ ವಿದ್ಯುತ್ತು ಹರಿಯುವುದೇ ಇಲ್ಲ, ತಡೆ ಮೇಲಕ್ಕೆ ಹೋಗಬೇಕು. ಸೊನ್ನೆ ಆಗಬೇಕಾದರೆ ಎರಡು ತಂತಿಗಳೂ ಒಂದಕ್ಕೊಂದು ಮುಟ್ಟಬೇಕು. ನಡುವೆ ಹರಳು ಇರುವಾಗ ಅವು ಮುಟ್ಟುವಂತೆಯೇ ಇಲ್ಲ. ಅಂದರೆ ನಾಲ್ಕು ಇಪ್ಪತ್ತಕ್ಕೆ, ಕೊಳವೆ ಇನ್ನೂ ಬೆಂಕಿಯೊಳಗೆ ಇದ್ದಾಗಲೇ, ಹರಳು ಇರಲಿಲ್ಲ. ಯಾರ ಕೈಯೂ ಹೋಗಲಾರದ ಜಾಗದಲ್ಲಿ ಅದು ಇಲ್ಲವಾಗಿತ್ತು.

ವಜ್ರ ಎಂದರೆ ಇಂಗಾಲ. ಇದ್ದಿಲು ಯಾವ ವಸ್ತುವೋ ಇದೂ ಅದೇ. ಪಾಠದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಆದರೂ ವಜ್ರ ಎಂದಾಗ ಯಾವುದಕ್ಕೂ ಜಗ್ಗದ ವಸ್ತು ಎಂದೇ ನನ್ನ ಮನಸ್ಸಿನಲ್ಲಿತ್ತು. ಕೊಳವೆ ಬಿರುಕುಬಿಟ್ಟಿತ್ತು, ಆರ್ಗಾನ್ ಹೋಗಿ ಗಾಳಿ ನುಗ್ಗಿತ್ತು. ಎಂಟುನೂರು ಡಿಗ್ರಿಯಲ್ಲಿ, ಗಾಳಿಯಲ್ಲಿ, ವಜ್ರ ಉರಿದುಹೋಗಿತ್ತು.

ಅಲ್ಲಿಗೆ ಮೇಸ್ತ್ರಿ ನಿರಪರಾಧಿ. ಆದರೆ ಪುಟದ ತಲೆಯಲ್ಲಿ ನನ್ನದೇ ಅಕ್ಷರದಲ್ಲಿ 'ಎರಡನೇ ಕಿಂಡಿ' ಎಂದಿತ್ತು. ಎರಡನೇ ಕಿಂಡಿಯ ಬಿಸಿಗೆ ವಜ್ರ ಉರಿಯುವುದಿಲ್ಲ. ಆ ಸಾಲು ಇರುವವರೆಗೆ ಕಳ್ಳತನವೇ ಸತ್ಯ. ಅದನ್ನು ಬದಲಿಸಿದರೆ ನಾನು ಆಜ್ಞೆ ಮೀರಿದವಳು, ಸುಳ್ಳು ದಾಖಲೆ ಇಟ್ಟವಳು. ನನ್ನ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಅಪರಾಧ ಇನ್ನೊಂದಿಲ್ಲ. ಮನೆಯಲ್ಲಿ ಸಂಬಳ ತರುವವಳು ನಾನೊಬ್ಬಳೇ ಎಂಬುದೂ ಆಗ ನೆನಪಾಯಿತು. ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಆಮೇಲೆ ಎದ್ದು ಮತ್ತೆ ಹಳ್ಳಿಗೆ ಹೋದೆ.

"ಮೂರನೇ ಕಿಂಡಿಗೆ ಇಳಿಸಿದ್ದು ನಿಮಗೆ ಗೊತ್ತಿತ್ತಲ್ಲ" ಎಂದೆ ಮೇಸ್ತ್ರಿಗೆ. "ಅವರು ಬಂದಾಗ ಯಾಕೆ ಹೇಳಲಿಲ್ಲ?"

"ಅದ್ರಾಗೇನೈತೆ ಹೇಳಾಕೆ?" ಅವರು ನಿಜಕ್ಕೂ ಆಶ್ಚರ್ಯಪಟ್ಟರು. "ನೀವು ಪುಸ್ತಕದಾಗೆ ಬರ್ದಿರ್ತೀರಲ್ಲ ತಾಯಿ. ಗಳಿಗೆ ಗಳಿಗೆಗೂ ಬರಿತಿದ್ರಿ."

ಅವರ ಅಂಗಳದಲ್ಲೇ ನಿಂತು ಪೆನ್ನು ತೆಗೆದೆ. ನಮ್ಮಲ್ಲಿ ಅಳಿಸುವ ಪದ್ಧತಿಯಿಲ್ಲ. ತಪ್ಪಿನ ಮೇಲೆ ಒಂದೇ ಗೆರೆ ಎಳೆಯಬೇಕು, ಕೆಳಗಿನ ಅಕ್ಷರ ಕಾಣುತ್ತಿರಬೇಕು. 'ಎರಡನೇ' ಎಂಬುದರ ಮೇಲೆ ಗೆರೆ ಎಳೆದು 'ಮೂರನೇ' ಎಂದು ಬರೆದೆ. ಎಷ್ಟು ಗಂಟೆಗೆ ಇಳಿಸಿದೆ, ಯಾರ ಅನುಮತಿಯೂ ಇರಲಿಲ್ಲ, ಮೇಸ್ತ್ರಿ ಬೇಡವೆಂದರೂ ನಾನೇ ಮಾಡಿಸಿದೆ ಎಂದು ಸೇರಿಸಿ ಸಹಿ ಹಾಕಿದೆ. ನಂತರ ಅದನ್ನು ಅವರಿಗೂ ಅವರ ಹೆಂಡತಿಗೂ ಗಟ್ಟಿಯಾಗಿ ಓದಿ ಹೇಳಿದೆ. ಅಲ್ಲಿಂದ ನೇರ ಭಟ್ಟಿಗೆ ಹೋಗಿ ಮಾಲೀಕರಿಗೂ ಓದಿದೆ.

ಮಾಲೀಕರು ಕೇಳಿಸಿಕೊಂಡು ನಕ್ಕರು. "ವಜ್ರ ಉರಿದುಹೋತಾ? ಅದೇನು ಸೌದೆನಾ ಮೇಡಂ?"

ಮರುದಿನ ಬೆಳಗ್ಗೆ ಮುಖ್ಯಸ್ಥರು ಬಂದರು. ಪುಸ್ತಕವನ್ನು ನಿಂತೇ ಓದಿದರು. ಗೆರೆ ಎಳೆದ ಸಾಲಿನ ಮೇಲೆ ಅವರ ಬೆರಳು ಬಹಳ ಹೊತ್ತು ನಿಂತಿತ್ತು.

"ಗಾಳಿ ತಾಗಿದರೆ ಆರೇಳುನೂರರ ಮೇಲೆ ಇದೂ ಇದ್ದಿಲೇ" ಎಂದರು ಕೊನೆಗೆ. "ಅದಕ್ಕೇ ಎರಡನೇ ಕಿಂಡಿ ಅಂದದ್ದು. ಕಾರಣ ಹೇಳಬೇಕಿತ್ತು, ಹೇಳಲಿಲ್ಲ. ಅಷ್ಟು ನನ್ನ ತಪ್ಪು. ಉಳಿದದ್ದು ನಿಮ್ಮದು."

ಅವರೇ ಹೋಗಿ ಮಾಲೀಕರಿಗೆ ವಿವರಿಸಿದರು. ಮಾಲೀಕರು ಮರ್ಯಾದೆಯಿಂದ ಕೇಳಿ, ಮರ್ಯಾದೆಯಿಂದಲೇ ಹೇಳಿದರು: "ನಿಮ್ಮ ಕಡೇ ಹೆಣ್ಮಗಳ್ನ ನೀವು ಬಿಟ್ಟುಕೊಡಾಕಾಗಲ್ಲ, ಸರಿ ಸಾರ್. ಆದ್ರೆ ನಾನು ಕಣ್ಣಾರೆ ಕಾಣದ್ದನ್ನ ಹೆಂಗೆ ನಂಬ್ಲಿ?"

"ಹಾಗಾದರೆ ಇನ್ನೊಂದನ್ನು ಸುಟ್ಟು ತೋರಿಸೋಣ" ಎಂದೆ ನಾನು.

ಮುಖ್ಯಸ್ಥರು ನನ್ನತ್ತ ತಿರುಗಿದರು. ಅವರ ಮುಖ ನೋಡಲಾಗಲಿಲ್ಲ. ಉಳಿದದ್ದೇ ಎರಡು. ಅಷ್ಟರಲ್ಲಿ ಗೇಟಿನ ಹೊರಗೆ ಮಾತು ಕೇಳಿತು. ಒಳಗೆ ಬರಬಾರದೆಂದು ಹೇಳಿದ್ದರಿಂದ ಮೇಸ್ತ್ರಿ ರಸ್ತೆಯಲ್ಲೇ ನಿಂತಿದ್ದರು.

"ಸುಡ್ರಿ ಸಾಮಿ" ಎಂದರು. ದನಿ ಎತ್ತರವಾಗಿರಲಿಲ್ಲ. "ನನ್ ರಾಗಿ ಬೀದಿಗೆ ಸುರ್ದಿದ್ದನ್ನ ಊರೇ ನೋಡೈತೆ. ಇದುನ್ನೂ ನೋಡ್ಲಿ. ಮುಚ್ಚಿದ್ ಕೋಣ್ಯಾಗೆ ಬ್ಯಾಡ."

ಮುಖ್ಯಸ್ಥರು ಸ್ವಲ್ಪ ಹೊತ್ತು ಆ ಮನುಷ್ಯನನ್ನೇ ನೋಡಿದರು. ಆಮೇಲೆ ನನ್ನ ಕಡೆ ಕೈ ಚಾಚಿದರು. ಕೊರಳಿನ ಸೀಸೆ ಬಿಚ್ಚಿ ಕೊಟ್ಟೆ.

ಹೊಸದುರ್ಗದ ಪ್ರೌಢಶಾಲೆಯ ರಸಾಯನಶಾಸ್ತ್ರದ ಮೇಷ್ಟ್ರು ಬಹಳ ಉತ್ಸಾಹದಿಂದ ಒಪ್ಪಿದರು. ಆ ದಿನ ರಜೆ. ಮೇಜನ್ನು ಹೊರಗಿನ ಜಗಲಿಗೆ ತಂದೆವು. ಬಾವಿಗೆ ಹಾಕುವ ಪರ್ಮಾಂಗನೇಟ್ ಹರಳನ್ನು ಕಾಸಿ ಆಮ್ಲಜನಕ ಹಿಡಿಯುವುದು ಮೇಷ್ಟ್ರಿಗೆ ಪ್ರತಿವರ್ಷದ ಪಾಠ. ಆ ಆಮ್ಲಜನಕ ನನ್ನ ಟ್ರಂಕಿನಲ್ಲಿದ್ದ, ಗಾಜಿನಂತೆ ಒಳಗೆಲ್ಲ ಕಾಣುವ ಕ್ವಾರ್ಟ್ಜ್ ಕೊಳವೆಯ ಮೂಲಕ ಹಾದು, ಇನ್ನೊಂದು ತುದಿಯಲ್ಲಿ ಸುಣ್ಣದ ತಿಳಿನೀರಿನೊಳಗೆ ಗುಳ್ಳೆಯಾಗಿ ಏಳಬೇಕು. ಇಂಗಾಲ ಉರಿದರೆ ಬರುವ ಅನಿಲಕ್ಕೆ ತಿಳಿನೀರು ಹಾಲಿನ ಹಾಗೆ ಕದಡುತ್ತದೆ. ಕೊಳವೆ ಕಾಸಲು ಬೆಸುಗೆಯವರ ಸೀಮೆಎಣ್ಣೆ ಬ್ಲೋಲ್ಯಾಂಪು ತಂದಿದ್ದೆವು.

ಮೊದಲು ಹರಳಿಲ್ಲದೆ, ಖಾಲಿ ಕೊಳವೆ ಕಾಸಿ ನೋಡಬೇಕೆಂದು ನಾನು ಹೇಳಿದೆ. ಖಾಲಿ ಇದ್ದಾಗ ನೀರು ತಿಳಿಯಾಗೇ ಉಳಿಯದಿದ್ದರೆ ಆಮೇಲೆ ಕದಡಿದ್ದಕ್ಕೆ ಅರ್ಥವಿಲ್ಲ. ಮಾಲೀಕರು, ಗುಮಾಸ್ತರು, ಮೇಸ್ತ್ರಿ, ಅವರ ಹೆಂಡತಿ, ಹಳ್ಳಿಯಿಂದ ನಡೆದುಬಂದ ಹತ್ತಾರು ಜನ ನೋಡುತ್ತಾ ನಿಂತಿದ್ದರು. ಕೊಳವೆ ಕೆಂಪಾಯಿತು. ಐದೇ ನಿಮಿಷಕ್ಕೆ ತಿಳಿನೀರು ಬೆಳ್ಳಗಾಯಿತು.

"ಒಳಗೇನೂ ಇಲ್ದೆನೇ ಬೆಳ್ಳಗಾತಲ್ಲ!" ಎಂದು ಗುಮಾಸ್ತರು ಎಲ್ಲರಿಗೂ ಕೇಳುವಂತೆ ಅಂದರು.

ಜನ ಗುಸುಗುಸು ಶುರುಮಾಡಿದರು. ಮುಖ್ಯಸ್ಥರು ಬಗ್ಗಿ ಕೊಳವೆಯ ತುದಿಯನ್ನು ಮೂಸಿದರು. ರಬ್ಬರಿನ ಬಿರಡೆ ಶಾಖಕ್ಕೆ ಸೀದು ನಾರುತ್ತಿತ್ತು. ಅದರ ಹೊಗೆಯೇ ನೀರನ್ನು ಕದಡಿತ್ತು. ಕೊಳವೆ ತಣಿಸಿ, ತೊಳೆದು, ಬಿರಡೆಗೆ ಒದ್ದೆ ಬಟ್ಟೆ ಸುತ್ತಿ, ಬ್ಲೋಲ್ಯಾಂಪನ್ನು ನಡುಮಧ್ಯಕ್ಕೆ ಸರಿಸಿ, ಹೊಸ ತಿಳಿನೀರಿಟ್ಟು ಮತ್ತೆ ಖಾಲಿಯಾಗಿ ಕಾಸಿದೆವು. ಮೇಷ್ಟ್ರು ಗಡಿಯಾರ ಹಿಡಿದು ನಿಂತರು. ಕಾಲು ಗಂಟೆಯಾದರೂ ನೀರು ಕನ್ನಡಿಯಂತಿತ್ತು. ಮಾಲೀಕರನ್ನೇ ಕರೆದು ತೋರಿಸಿದೆವು.

ಆಮೇಲೆ ಮುಖ್ಯಸ್ಥರು ದೋಣಿಯಂಥ ಪುಟ್ಟ ಪಿಂಗಾಣಿ ತಟ್ಟೆಯಲ್ಲಿ ಹರಳಿಟ್ಟು, ಭೂತಗನ್ನಡಿಯಲ್ಲಿ ಮಾಲೀಕರಿಗೆ ತೋರಿಸಿ, ಕಡ್ಡಿಯಿಂದ ಕೊಳವೆಯ ನಡುವಿಗೆ ತಳ್ಳಿದರು. ಅವರ ಕೈ ಅಲುಗಲಿಲ್ಲ. ಬ್ಲೋಲ್ಯಾಂಪು ಭೋರೆಂದಿತು. ಕೊಳವೆ ಮೊದಲು ಮಂಕಾಗಿ, ಆಮೇಲೆ ನಿಗಿನಿಗಿ ಕೆಂಪಾಯಿತು. ಹರಳೂ ಅದೇ ಕೆಂಪು. ಬಹಳ ಹೊತ್ತು ಅಷ್ಟೇ. ನೋಡುತ್ತಿದ್ದಂತೆ ಅದು ದೋಣಿಗಿಂತ ಹೆಚ್ಚು ಬೆಳಗತೊಡಗಿತು. ದೋಣಿ ಕೆಂಪಗೇ ಇತ್ತು, ಹರಳು ಬಿಳುಪಿಗೆ ತಿರುಗಿತ್ತು. ಹೊರಗಿನ ಬಿಸಿಯಲ್ಲ, ತನ್ನದೇ ಉರಿ.

"ಅಯ್ಯಪ್ಪಾ, ಉರಿತೈತೆ" ಎಂದರು ಮೇಸ್ತ್ರಿಯ ಹೆಂಡತಿ.

ಗುಳ್ಳೆಗಳು ಏಳುತ್ತಿದ್ದ ಜಾಗದಲ್ಲಿ ನೀರು ಮಸುಕಾಯಿತು. ನಿಧಾನಕ್ಕೆ ಮಸುಕು ತಳದವರೆಗೆ ಇಳಿಯಿತು. ಕೊಳವೆಯೊಳಗಿನ ಬೆಳಕು ಸಣ್ಣದಾಗುತ್ತಾ ಒಂದು ಚುಕ್ಕೆಯಾಗಿ, ಇಲ್ಲವಾಯಿತು. ತಣಿದ ಮೇಲೆ ದೋಣಿ ಹೊರಗೆಳೆದಾಗ ಮಾಲೀಕರು ಅದನ್ನು ಅಂಗೈ ಮೇಲೆ ಬೋರಲು ಹಾಕಿದರು, ಉಗುರಿನಿಂದ ಕೆರೆದರು. ಬೂದಿಯೂ ಇರಲಿಲ್ಲ.

ಅವರು ದೋಣಿಯನ್ನು ಮೇಜಿನ ಮೇಲಿಟ್ಟರು. ಕೊನೆಗೆ ಮೇಸ್ತ್ರಿಯ ಕಡೆ ನೋಡದೆಯೇ, "ನಾಳೆಯಿಂದ ಕೆಲಸಕ್ಕೆ ಬಾರಪ್ಪ" ಎಂದರು.

"ಬತ್ತೀನಿ" ಎಂದರು ಮೇಸ್ತ್ರಿ. "ಮದ್ಲು ಈ ಗುಮಾಸ್ತ್ರು ಬಂದು ಸುರ್ದಿರಾ ರಾಗಿ ಎತ್ತಿ ಕೊಡ್ಲಿ. ಆಮ್ಯಾಲೆ ಬತ್ತೀನಿ."

ಗುಮಾಸ್ತರ ಮುಖ ಕಪ್ಪಾಯಿತು. ಆದರೆ ಮೇಸ್ತ್ರಿಯಿಲ್ಲದೆ ಎರಡು ದಿನದಿಂದ ಭಟ್ಟಿಯ ಬುಡದಲ್ಲಿ ಅರೆಬೆಂದ ಕಲ್ಲೇ ಬರುತ್ತಿತ್ತು. ಮಾಲೀಕರು "ಹೋಗ್ರಿ" ಎಂದರು.

ನಾನೂ ಹೋದೆ. ಮೇಸ್ತ್ರಿಯ ಹೆಂಡತಿ ಗುಮಾಸ್ತರಿಗೊಂದು ಮೊರ ಕೊಟ್ಟರು, ನನಗೊಂದು. ಮಣ್ಣು ಬೆರೆತ ರಾಗಿಯನ್ನು ಕೇರುವುದು ನನಗೆ ಬರುತ್ತಿರಲಿಲ್ಲ. ಕಾಳೆಲ್ಲ ಹೊರಗೆ ಚೆಲ್ಲುತ್ತಿತ್ತು. ಅವರು ಸ್ವಲ್ಪ ಹೊತ್ತು ನೋಡಿ, ನನ್ನ ಹಿಂದೆ ಬಂದು ಕೂತು, ಎರಡೂ ಮಣಿಕಟ್ಟು ಹಿಡಿದು ತಿರುಗಿಸಿ ತೋರಿಸಿದರು. "ಹಿಂಗೆ" ಎಂದರು. ಅವರು ಆ ದಿನ ನನ್ನ ಜೊತೆ ಆಡಿದ್ದು ಅದೊಂದೇ ಮಾತು.

ಮುಖ್ಯಸ್ಥರು ಹೊರಡುವ ಮುನ್ನ ಕೊನೆಯ ಹರಳನ್ನು ನನ್ನ ಕೈಗೇ ಕೊಟ್ಟರು. ನನ್ನನ್ನು ವಾಪಸು ಕರೆದೊಯ್ಯುತ್ತಾರೆಂದು ನಾನು ಬಟ್ಟೆ ಕಟ್ಟಿಟ್ಟಿದ್ದೆ.

"ಇದು ಬಹುಮಾನ ಅಲ್ಲ" ಎಂದರು. "ಕೆಲಸ ಅರ್ಧಕ್ಕೆ ನಿಂತಿದೆ, ಮುಗಿಸಿ. ವರದಿಯಲ್ಲಿ ನಿಮ್ಮ ಹೆಸರೂ ಇರುತ್ತೆ, ಆ ತಿದ್ದಿದ ಸಾಲೂ ಇರುತ್ತೆ."

ಹಾಗೇ ಆಯಿತು. ಮುಂದಿನ ವರ್ಷ ಬಡ್ತಿಯ ಸಮಯದಲ್ಲಿ ಆ ಸಾಲನ್ನು ನನ್ನ ಮುಂದಿಟ್ಟರು, ನನ್ನ ಸರದಿ ಬಹಳ ಹಿಂದಕ್ಕೆ ಹೋಯಿತು. ಅದನ್ನು ಅನ್ಯಾಯ ಎನ್ನಲಾರೆ. ನನ್ನ ಕೆಲಸದ ಉಳಿದ ವರ್ಷಗಳೆಲ್ಲ ಸಿಲಿಕಾನಿನ ಜೊತೆಯಲ್ಲೇ ಕಳೆದವು. ವಜ್ರದ ಟ್ರಾನ್ಸಿಸ್ಟರು ಇಂಜಿನ್ನಿನ ಹೊಟ್ಟೆಯಲ್ಲಿ ಕೂತದ್ದನ್ನು ಮುಖ್ಯಸ್ಥರೂ ನೋಡಲಿಲ್ಲ, ನಾನೂ ನೋಡಲಿಲ್ಲ. ಗಾಳಿ ತಾಗದಂತೆ ಕಾಯಬೇಕು, ಹರಳು ಒಂದರ ಹಾಗೆ ಇನ್ನೊಂದು ಇರುವುದಿಲ್ಲ, ದೊಡ್ಡದು ಸಿಗುವುದಿಲ್ಲ. ಸಿಲಿಕಾನಿಗೆ ಬಿಸಿಯೊಂದೇ ಶತ್ರು. ವಜ್ರಕ್ಕೆ ದಾರಿಯುದ್ದಕ್ಕೂ ತೊಡಕು.

ಆದರೆ ಎರಡನೇ ಕಿಂಡಿಯ ಹರಳು ಮುಂಗಾರಿನವರೆಗೂ ಒಂದು ದಿನ ತಪ್ಪದೆ ಕೆಲಸ ಮಾಡಿತು. ಸಂಜೆ ಬಸ್ಸಿಗೆ ಹೊರಡುವ ಮುಂಚೆ ಮೇಸ್ತ್ರಿ ಬಂದು ನಿಲ್ಲುತ್ತಿದ್ದರು. "ಏನ್ ಬರ್ದಿದೀರಿ, ಓದ್ರಿ" ಎನ್ನುತ್ತಿದ್ದರು. ಕಿಂಡಿ, ಗಂಟೆ, ಅಂಕಿ ಎಲ್ಲ ಓದುತ್ತಿದ್ದೆ. ಕೇಳಿಸಿಕೊಂಡು ಹೋಗುತ್ತಿದ್ದರು. ಕಂಬಳಿಯನ್ನು ಮೊದಲಿನಂತೆಯೇ ಹಾಸಿಕೊಡುತ್ತಿದ್ದರು. ಜ್ವರದ ತಮಾಷೆಯನ್ನು ಮಾತ್ರ ಮತ್ತೆ ಆಡಲಿಲ್ಲ.

ಮಳೆಗಾಲದ ದುರಸ್ತಿಗೆ ಭಟ್ಟಿ ಆರಿಸಿದ ದಿನ ಕೊಳವೆ ಬಿಚ್ಚಿದೆ. ಹರಳು ಇಟ್ಟ ಹಾಗೇ ಇತ್ತು. ಸೀಸೆಗೆ ಹಾಕಲು ಹೊರಟಾಗ ಮೇಸ್ತ್ರಿ ಹತ್ತಿರ ಬಂದರು.

"ಒಂದ್ಸಲ ನೋಡ್ಲಾ?"

ಆಗ ಹೊಳೆಯಿತು. ಆ ಮನುಷ್ಯ ಅದನ್ನು ಹತ್ತಿರದಿಂದ ಕಂಡೇ ಇರಲಿಲ್ಲ. ಚಾಚಿದ ಅವರ ಅಂಗೈಗೆ ಹರಳು ಬಿಟ್ಟೆ. ಸುಣ್ಣಕ್ಕೆ ಬಿರಿದ ಆ ಅಂಗೈಯ ಗೆರೆಗಳ ನಡುವೆ ಅದು ಕಂಡೂ ಕಾಣದಂತೆ ಕೂತಿತು. ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ವಾಲಿಸಿ ನೋಡಿದರು.

"ಇಷ್ಟೇನಾ?" ಎಂದರು.

"ಇಷ್ಟೇ."

ಸೀಸೆಯ ಬಾಯಿಗೆ ಅಂಗೈ ಬಗ್ಗಿಸಿ, ಕಿರುಬೆರಳಿನಿಂದ ಮೆಲ್ಲಗೆ ದೂಡಿ ಒಳಗೆ ಬೀಳಿಸಿದರು. ನಾನು ಬಿರಡೆ ಹಾಕುತ್ತಿದ್ದೆ. ಅವರು ಹೋಗಲಿಲ್ಲ. ತಲೆಯೆತ್ತಿ ನೋಡಿದರೆ ಎರಡೂ ಕೈಗಳನ್ನು ನನ್ನ ಮುಂದೆ ಚಾಚಿ ನಿಂತಿದ್ದರು. ಬೆರಳುಗಳನ್ನು ಅಗಲಿಸಿ, ಮೊದಲು ಅಂಗೈ, ಆಮೇಲೆ ಮುಂಗೈ, ನಾನು ಸರಿಯಾಗಿ ನೋಡುವವರೆಗೂ ತಿರುಗಿಸಿ ತೋರಿಸುತ್ತಾ.